ಶಾಬಿ ಅಲೋನ್ಸೊ ಹೇಗೆ ಆಡುತ್ತಿದ್ದರು ಎಂದು ಹದಿನಾಲ್ಕರ ಹುಡುಗನಿಗೆ ತೋರಿಸಬೇಕು. ಯಾವ ಪಂದ್ಯ ತೋರಿಸಲಿ?

ಕಡಲತೀರದವ

ಕಳೆದ ವಾರ ಅಕ್ಕನ ಮಗ ರಜೆಗೆಂದು ಮನೆಗೆ ಬಂದಿದ್ದ. ಹದಿನಾಲ್ಕು ವರ್ಷ, ಫುಟ್‌ಬಾಲ್ ಎಂದರೆ ಪ್ರಾಣ. ಅಲೋನ್ಸೊ ಕೋಚ್ ಆಗಿದ್ದ ಲೆವರ್‌ಕುಸೆನ್ ತಂಡ 2023–24ರ ಜರ್ಮನ್ ಲೀಗ್ ಬುಂಡೆಸ್‌ಲಿಗಾವನ್ನು ಒಂದೂ ಪಂದ್ಯ ಸೋಲದೆ ಗೆದ್ದದ್ದನ್ನು ಮಗ್ಗಿಯಂತೆ ಒಪ್ಪಿಸುತ್ತಾನೆ: 28 ಗೆಲುವು, 6 ಡ್ರಾ, ಸೋಲು ಸೊನ್ನೆ. ಊಟಕ್ಕೆ ಕುಳಿತಾಗ ಇದ್ದಕ್ಕಿದ್ದಂತೆ, “ಮಾವಾ, ಕೋಚ್ ಅಲೋನ್ಸೊ ಮೊದಲು ತಾವೂ ಆಡುತ್ತಿದ್ದರಂತೆ, ಹೌದೇ? ಚೆನ್ನಾಗಿ ಆಡುತ್ತಿದ್ದರೇ?” ಎಂದು ಕೇಳಿಬಿಟ್ಟ. ಕೈಯಲ್ಲಿದ್ದ ತುತ್ತು ಕೈಯಲ್ಲೇ ಉಳಿಯಿತು.

ಅವನಿಗೆ ಗೋಲುಗಳ ತುಣುಕು ತೋರಿಸಿ ಪ್ರಯೋಜನವಿಲ್ಲ. ಸ್ಪೇನ್ ಪರ 114 ಪಂದ್ಯಗಳಲ್ಲಿ 16 ಗೋಲು ಹೊಡೆದ ಮಿಡ್‌ಫೀಲ್ಡರ್ ಅವರು. ಗೋಲು ಅವರ ಕಥೆಯೇ ಅಲ್ಲ. ಪೂರ್ತಿ ತೊಂಬತ್ತು ನಿಮಿಷ ಕೂರಿಸಿ ಒಂದೇ ಒಂದು ಪಂದ್ಯ ತೋರಿಸಬೇಕು ಎಂದುಕೊಂಡಿದ್ದೇನೆ. ನನ್ನ ಆಯ್ಕೆ ಸ್ಪಷ್ಟವಾಗಿದೆ: 2003ರ ಏಪ್ರಿಲ್‌ನಲ್ಲಿ ಅನೋಯೆಟಾ ಕ್ರೀಡಾಂಗಣದಲ್ಲಿ ರಿಯಲ್ ಸೊಸಿಯೆಡಾಡ್ ತಂಡ ರಿಯಲ್ ಮ್ಯಾಡ್ರಿಡ್ ಅನ್ನು 4–2ರಿಂದ ಸೋಲಿಸಿದ ಪಂದ್ಯ. ಕೊವಾಚೆವಿಚ್ ಎರಡು, ನಿಹಾತ್ ಒಂದು, ಅಲೋನ್ಸೊ ಒಂದು. ಎದುರಿಗೆ ಜಿದಾನ್, ಫಿಗೊ, ರೊನಾಲ್ಡೊ ಇದ್ದ ತಂಡ. ಅಲೋನ್ಸೊಗೆ ಆಗ ಇಪ್ಪತ್ತೊಂದು ವರ್ಷ.

ಅವರ ಅತ್ಯುತ್ತಮ ವರ್ಷವೂ ಅದೇ ಎನ್ನುವುದು ನನ್ನ ವಾದ. ಆ ವರ್ಷ ಅವರು ಏನನ್ನೂ ಗೆಲ್ಲಲಿಲ್ಲ ಎಂಬುದು ಗೊತ್ತಿದ್ದೇ ಹೇಳುತ್ತಿದ್ದೇನೆ. ನೀವು ಯಾವ ಪಂದ್ಯ ಹೇಳುತ್ತೀರಿ?

ಇಸ್ತಾಂಬುಲ್ 2005

ಇದರಲ್ಲಿ ಚರ್ಚೆ ಮಾಡುವುದೇನಿದೆ? ನನ್ನ ಹೆಸರೇ ಉತ್ತರ: ಲಿವರ್‌ಪೂಲ್ ಪರ ಮಿಲಾನ್ ವಿರುದ್ಧ ಆಡಿದ ಚಾಂಪಿಯನ್ಸ್ ಲೀಗ್ ಫೈನಲ್.

ಬಿಳಿ ಅಂಗಿ

ಲಿವರ್‌ಪೂಲ್‌ನವರಿಗೆ ಆ ಒಂದು ರಾತ್ರಿ ಬಿಟ್ಟರೆ ಬೇರೆ ಮಾತೇ ಇಲ್ಲ. ಆ ಪಂದ್ಯದ ಮೊದಲಾರ್ಧದಲ್ಲಿ ಮಿಲಾನ್ 3–0 ಮುಂದಿತ್ತು. ಕಾಕಾ ನಡುಮೈದಾನದಲ್ಲಿ ಸಲೀಸಾಗಿ ಓಡಾಡಿಕೊಂಡಿದ್ದರು. ಅಲೋನ್ಸೊ ಆಟ ತೋರಿಸಲು ಅದೇನಾ ಪಂದ್ಯ? ಹುಡುಗನಿಗೆ 2011–12ರ ಮ್ಯಾಡ್ರಿಡ್ ತೋರಿಸಿ. 100 ಅಂಕ, 121 ಗೋಲು. ಆ ಗೋಲುಗಳ ಮೂಲ ಹುಡುಕುತ್ತಾ ಹಿಂದಕ್ಕೆ ಹೋದರೆ ಹತ್ತರಲ್ಲಿ ಆರೇಳು ಬಾರಿ ಅಲೋನ್ಸೊ ಕಾಲಿನ ಬಳಿಗೇ ಬಂದು ನಿಲ್ಲುತ್ತೀರಿ ಎಂಬುದು ನನ್ನ ಅಂದಾಜು. ಲೆಕ್ಕವಲ್ಲ, ಕಣ್ಣಿನ ಅಂದಾಜು.

ಇಸ್ತಾಂಬುಲ್ 2005

ಕಾಕಾ ವಿಷಯ ಒಪ್ಪುತ್ತೇನೆ. ಆದರೆ ಆ ಮನುಷ್ಯ ಯಾವ ಸ್ಥಿತಿಯಿಂದ ಅಲ್ಲಿಗೆ ಬಂದಿದ್ದರು ನೋಡಿ. 2005ರ ಜನವರಿ 1ರಂದು ಚೆಲ್ಸಿ ವಿರುದ್ಧ ಲ್ಯಾಂಪಾರ್ಡ್ ಟ್ಯಾಕಲ್‌ಗೆ ಕಣಕಾಲಿನ ಮೂಳೆ ಮುರಿಯಿತು. ಮೂರು ತಿಂಗಳಿಗೂ ಹೆಚ್ಚು ಕಾಲ ಹೊರಗೆ. ಮರಳಿ ಮೊದಲ ತಂಡದಲ್ಲಿ ಕಣಕ್ಕಿಳಿದದ್ದು ಎಲ್ಲಿ? ಟುರಿನ್‌ನಲ್ಲಿ, ಯುವೆಂಟಸ್ ವಿರುದ್ಧ, ಚಾಂಪಿಯನ್ಸ್ ಲೀಗ್ ಕ್ವಾರ್ಟರ್‌ಫೈನಲ್‌ನ ಎರಡನೆಯ ಪಂದ್ಯದಲ್ಲಿ. ಜೆರಾರ್ಡ್ ಇರಲಿಲ್ಲ. 0–0 ಆಯಿತು, ಲಿವರ್‌ಪೂಲ್ ಮುಂದೆ ಹೋಯಿತು. ಆಮೇಲೆ ಚೆಲ್ಸಿ ವಿರುದ್ಧದ ಮೊದಲ ಸೆಮಿಫೈನಲ್‌ನಲ್ಲಿ ಹಳದಿ ಕಾರ್ಡ್ ಬಿದ್ದು, ಎರಡನೆಯದನ್ನು ಹೊರಗೆ ಕುಳಿತು ನೋಡಬೇಕಾಯಿತು.

ಇನ್ನು ಫೈನಲ್. ನಮ್ಮಲ್ಲಿ ಮಧ್ಯರಾತ್ರಿ 12.15ಕ್ಕೆ ಶುರುವಾಗಿತ್ತು. ಹಾಸ್ಟೆಲ್ ಟಿ.ವಿ. ಕೋಣೆಯಲ್ಲಿ ಮೂವತ್ತು ಜನ ಇದ್ದೆವು. ವಿರಾಮದ ಹೊತ್ತಿಗೆ 3–0, ಇಪ್ಪತ್ತು ಜನ ಎದ್ದು ಮಲಗಲು ಹೋದರು. ಉಳಿದ ಹತ್ತು ಜನ ಆರು ನಿಮಿಷಗಳಲ್ಲಿ ಮೂರು ಗೋಲು ನೋಡಿದೆವು. ಜೆರಾರ್ಡ್, ಸ್ಮಿಸರ್, ನಂತರ ಪೆನಾಲ್ಟಿ. ಅಲೋನ್ಸೊ ಹೊಡೆದ ಚೆಂಡನ್ನು ದೀದಾ ಬಲಕ್ಕೆ ಹಾರಿ ತಡೆದರು. ಕೋಣೆಯಲ್ಲಿ ಯಾರೋ “ಹೋಯಿತು” ಎಂದದ್ದು ಇನ್ನೂ ಕಿವಿಯಲ್ಲಿದೆ. ಅಷ್ಟರಲ್ಲಿ ಅಲೋನ್ಸೊ ಚೆಂಡಿನ ಬಳಿ ತಲುಪಿ ಎಡಗಾಲಿನಿಂದ ಬಲೆಯ ಮೇಲ್ಭಾಗಕ್ಕೆ ಎತ್ತಿ ಹೊಡೆದಾಗಿತ್ತು. ಬಲಗಾಲಿನ ಆಟಗಾರ, ಇಪ್ಪತ್ತಮೂರರ ಹರೆಯ, ಆ ಹೊತ್ತಿನಲ್ಲಿ ಎಡಗಾಲು! ಗದ್ದಲಕ್ಕೆ ಮಲಗಿದ್ದ ಇಪ್ಪತ್ತು ಜನವೂ ಎದ್ದು ಬಂದರು.

ನೇರಮಾತು

ಕಥೆ ಚೆನ್ನಾಗಿದೆ. ಆದರೆ ಪೆನಾಲ್ಟಿ ತಪ್ಪಿದ್ದನ್ನೂ ಹೇಳಬೇಕಲ್ಲವೇ? 2010ರ ವಿಶ್ವಕಪ್‌ನಲ್ಲಿ ಪರಾಗ್ವೆ ವಿರುದ್ಧವೂ ತಪ್ಪಿತು. 2012ರ ಯುರೋ ಸೆಮಿಫೈನಲ್‌ನಲ್ಲಿ ಪೋರ್ಚುಗಲ್ ವಿರುದ್ಧ ಶೂಟೌಟ್‌ನ ಮೊದಲ ಒದೆತವೂ ತಪ್ಪಿತು.

ತುಂಗಾತೀರ

@ನೇರಮಾತು, ಪರಾಗ್ವೆ ವಿರುದ್ಧ ಮೊದಲ ಸಲ ಹೊಡೆದದ್ದು ಗೋಲೇ ಆಗಿತ್ತು. ಸ್ಪೇನ್ ಆಟಗಾರರು ಮುಂಚೆಯೇ ಪೆನಾಲ್ಟಿ ಆವರಣದೊಳಕ್ಕೆ ನುಗ್ಗಿದರೆಂದು ರೆಫರಿ ಮತ್ತೆ ಹೊಡೆಸಿದರು. ಎರಡನೆಯದನ್ನು ವಿಲ್ಲಾರ್ ತಡೆದರು. ಅರ್ಧ ಸತ್ಯ ಹೇಳಬೇಡಿ.

ನೇರಮಾತು

ಸರಿ, ಒಪ್ಪಿದೆ. ಪೂರ್ತಿ ಸತ್ಯವನ್ನೇ ಹೇಳೋಣ. ಅಲೋನ್ಸೊಗೆ ವೇಗ ಇರಲಿಲ್ಲ. ಎದುರಾಳಿ ತಿರುಗಿ ಓಡಿದರೆ ಬೆನ್ನಟ್ಟಿ ಹಿಡಿಯುವ ಶಕ್ತಿ ಇರಲಿಲ್ಲ. ಪಕ್ಕದಲ್ಲಿ ಓಡಲು ಯಾವಾಗಲೂ ಒಬ್ಬರು ಬೇಕಿತ್ತು: ಲಿವರ್‌ಪೂಲ್‌ನಲ್ಲಿ ಮಶೆರಾನೊ, ಮ್ಯಾಡ್ರಿಡ್‌ನಲ್ಲಿ ಖೆದೀರಾ. 2014ರ ವಿಶ್ವಕಪ್‌ನಲ್ಲಿ ನೆದರ್ಲೆಂಡ್ಸ್ ಎದುರು 1–5, ಮರುವರ್ಷ ಬಾಯರ್ನ್ ಪರವಾಗಿ ಬಾರ್ಸಿಲೋನಾದಲ್ಲಿ 0–3. ಆ ಎರಡೂ ಪಂದ್ಯಗಳನ್ನು ಮತ್ತೆ ನೋಡಿ. ಒಳ್ಳೆಯ ಆಟಗಾರ, ಇಲ್ಲ ಎನ್ನುವುದಿಲ್ಲ. ಆದರೆ ಪಕ್ಕದವನ ಬೆವರಿನ ಮೇಲೆ ನಿಂತ ಆಟ ಅದು.

ಕೊಡಗಿನ ಸೆಂಟರ್ ಹಾಫ್

@ನೇರಮಾತು, ಈ ಮಾತು ನನಗೆ ಬಹಳ ನೋವು ತಂದಿದೆ, ಆದ್ದರಿಂದ ಉದ್ದವಾಗಿ ಬರೆಯುತ್ತೇನೆ.

ನಮ್ಮ ಮನೆಯಲ್ಲಿ ಆಟ ಎಂದರೆ ಹಾಕಿ. ಅಪ್ಪ ಸೆಂಟರ್ ಹಾಫ್, ಎಂದರೆ ನಡುಮೈದಾನದಲ್ಲಿ ನಿಂತು ಆಡಿಸುವವರು. ನಮ್ಮೂರಿನ ಮೈದಾನದಲ್ಲಿ ನನಗೆ ಅವರು ಹೇಳಿಕೊಟ್ಟ ಮೊದಲ ಪಾಠ ಚೆಂಡು ತಡೆಯುವುದಲ್ಲ, ಹೊಡೆಯುವುದೂ ಅಲ್ಲ. “ಚೆಂಡು ನಿನ್ನ ಬಳಿ ಬರುವ ಮೊದಲು ಹೆಗಲ ಮೇಲಿಂದ ಒಮ್ಮೆ ಹಿಂದೆ ನೋಡು. ಬಂದ ಮೇಲೆ ನೋಡಿದರೆ ತಡವಾಯಿತು.” ತಿಂಗಳುಗಟ್ಟಲೆ ಇದೊಂದೇ ಪಾಠ. ಅಲೋನ್ಸೊ ಆಟವನ್ನು ಟಿ.ವಿ.ಯಲ್ಲಿ ಮೊದಲ ಸಲ ನೋಡಿದಾಗ ಅಪ್ಪ, “ಇವನಿಗೆ ಯಾರೋ ಚಿಕ್ಕಂದಿನಲ್ಲೇ ಹೇಳಿಕೊಟ್ಟಿದ್ದಾರೆ” ಎಂದಿದ್ದರು. ಮನೆಯಲ್ಲೇ ಹೇಳಿಕೊಟ್ಟಿದ್ದರು ಎಂಬುದು ನಮಗೆ ಆಮೇಲೆ ತಿಳಿಯಿತು. ತಂದೆ ಪೆರಿಕೊ ಅಲೋನ್ಸೊ ಕೂಡ ಅದೇ ಜಾಗದಲ್ಲಿ ಆಡಿದವರು. ಸೊಸಿಯೆಡಾಡ್ ಪರ 1981 ಮತ್ತು 1982ರಲ್ಲಿ, ಬಾರ್ಸಿಲೋನಾ ಪರ 1985ರಲ್ಲಿ ಲೀಗ್ ಗೆದ್ದವರು.

ಅಲೋನ್ಸೊ ಓಡುತ್ತಿರಲಿಲ್ಲ ಎನ್ನುತ್ತೀರಿ. ಓಡುವ ಅಗತ್ಯ ಬೀಳದಂತೆ ನಿಲ್ಲುವುದೇ ಆ ಜಾಗದ ವಿದ್ಯೆ. ಟ್ಯಾಕಲ್ ಎಂಬುದು ಬೇರೆ ದಾರಿಯೇ ಇಲ್ಲದಾಗ ಬಳಸುವ ಉಪಾಯ, ಅದನ್ನೇ ಗುಣ ಎಂದು ಮಕ್ಕಳಿಗೆ ಕಲಿಸಬಾರದು ಎಂಬ ಅರ್ಥದ ಮಾತನ್ನು ಅವರೇ ಒಮ್ಮೆ ಹೇಳಿದ್ದರು. ಇಂಗ್ಲೆಂಡಿನಲ್ಲಿ ಅದಕ್ಕೆ ಎಷ್ಟು ಜನ ಮುಖ ಸಿಂಡರಿಸಿದರೋ! ಆದರೆ ಹತ್ತು ಗಜ ಮೊದಲೇ ಸರಿಯಾದ ಜಾಗದಲ್ಲಿ ನಿಂತವನು ನೆಲಕ್ಕೆ ಜಾರಿ ಬೀಳಬೇಕಾಗಿಲ್ಲ. ಇದು ಬೆವರಿಲ್ಲದ ಆಟವಲ್ಲ, ಬೆವರು ತಲೆಯೊಳಗೆ ಹರಿಯುವ ಆಟ.

ಮಂಡ್ಯದ ಓದುಗ

ನಡುವೆ ಒಂದು ಸಣ್ಣ ಪ್ರಶ್ನೆ. ಎಲ್ಲರೂ ಶಾಬಿ ಎಂದು ಬರೆಯುತ್ತಿದ್ದೀರಿ. ಪತ್ರಿಕೆಗಳಲ್ಲಿ ಕ್ಸಾಬಿ, ಕ್ಸಾವಿ, ಝಾಬಿ ಎಲ್ಲವನ್ನೂ ನೋಡಿದ್ದೇನೆ. ಯಾವುದು ಸರಿ?

ತುಂಗಾತೀರ

ಶಾಬಿ. ಅವರು ಉತ್ತರ ಸ್ಪೇನಿನ ಬಾಸ್ಕ್ ಸೀಮೆಯವರು. ಬಾಸ್ಕ್ ಭಾಷೆಯಲ್ಲಿ ‘X’ ಅಕ್ಷರಕ್ಕೆ ‘ಶ’ ಉಚ್ಚಾರ. ಬಾರ್ಸಿಲೋನಾದ ಇನ್ನೊಬ್ಬರು ಚಾವಿ, ಅದು ಕ್ಯಾಟಲನ್. ಇಬ್ಬರೂ ಸ್ಪೇನ್ ತಂಡದಲ್ಲಿ ಒಟ್ಟಿಗೆ ಆಡಿದ್ದರಿಂದ ನಮ್ಮಲ್ಲಿ ಗೊಂದಲ.

ಧಾರವಾಡದ ಹೊಸಮನಿ

ಈ ವಿಷಯದಲ್ಲಿ ನಾನು ಮಾತನಾಡಲೇಬೇಕು, ಕಾರಣ ಕೊನೆಯಲ್ಲಿ ಗೊತ್ತಾಗುತ್ತದೆ. ಶಾಬಿ ಎಂಬುದು ಶಾಬಿಯೆರ್ ಎಂಬ ಹೆಸರಿನ ಹ್ರಸ್ವರೂಪ. ಅದು ಮೂಲದಲ್ಲಿ ನವಾರ್ರಾ ಸೀಮೆಯ ಒಂದು ಊರಿನ ಹೆಸರು. ಹಳೆಯ ಗೋವಾದ ಬೊಮ್ ಜೀಸಸ್ ಚರ್ಚಿನಲ್ಲಿ ಯಾರ ಪಾರ್ಥಿವ ಶರೀರ ಇದೆಯೋ ಆ ಸಂತ ಫ್ರಾನ್ಸಿಸ್ ಕ್ಸೇವಿಯರ್ ಹುಟ್ಟಿದ ಊರು ಅದೇ. ಅವರ ಹೆಸರಿನಿಂದಲೇ ನಮ್ಮ ಕರಾವಳಿಯ ಕ್ರೈಸ್ತರಲ್ಲಿ ಅಷ್ಟೊಂದು ಜನ ಕ್ಸೇವಿಯರ್‌ಗಳಿದ್ದಾರೆ. ಆ ಊರಿನ ಹೆಸರು ಬಾಸ್ಕ್ ಭಾಷೆಯ ‘ಎಚೆ ಬೆರಿ’ ಎಂಬ ಎರಡು ಪದಗಳಿಂದ ಬಂದದ್ದು. ‘ಎಚೆ’ ಎಂದರೆ ಮನೆ, ‘ಬೆರಿ’ ಎಂದರೆ ಹೊಸದು. ಹೊಸಮನೆ!

ಯುರೋಪಿನಲ್ಲಿರುವ ನನ್ನ ಅಡ್ಡಹೆಸರಿನವರು ವಿಶ್ವಕಪ್ ಗೆದ್ದಿದ್ದಾರೆ ಎಂದು ಊರಲ್ಲೆಲ್ಲ ಹೇಳಿಕೊಂಡು ಬಂದಿದ್ದೇನೆ.

ಮಂಡ್ಯದ ಓದುಗ

ಕೇಳಿದ್ದು ಸಾರ್ಥಕವಾಯಿತು ಸರ್!

ಕಡಲತೀರದವ

ಹೊಸಮನಿಯವರೇ, ಇದು ನನಗೂ ಗೊತ್ತಿರಲಿಲ್ಲ. ನಮ್ಮ ಪಕ್ಕದ ಮನೆಯಲ್ಲೇ ಕ್ಸೇವಿಯರ್ ಇದ್ದಾರೆ, ನಾಳೆ ಬೆಳಿಗ್ಗೆಯೇ ಹೇಳುತ್ತೇನೆ.

ಆದರೆ ದಯವಿಟ್ಟು 2003ಕ್ಕೆ ಬನ್ನಿ. ಯಾರೂ ಆ ಬಗ್ಗೆ ಮಾತನಾಡುತ್ತಿಲ್ಲ.

ಬಿಳಿ ಅಂಗಿ

ಏಕೆಂದರೆ ಆ ವರ್ಷ ಲೀಗ್ ಗೆದ್ದವರು ನಾವು, ಮ್ಯಾಡ್ರಿಡ್‌ನವರು. ರನ್ನರ್ ಅಪ್ ಆದ ವರ್ಷವನ್ನು ಯಾರ ಅತ್ಯುತ್ತಮ ವರ್ಷ ಎಂದೂ ಕರೆಯಲಾಗದು.

ಕಡಲತೀರದವ

ಕರೆಯಬಹುದು, ಕರೆಯಲೇಬೇಕು. ಹೇಗೆ ಎಂದು ಹೇಳುತ್ತೇನೆ.

ಸೊಸಿಯೆಡಾಡ್‌ನ ತವರಾದ ಗಿಪುಸ್ಕೊವಾ ಸ್ಪೇನಿನಲ್ಲೇ ಅತಿ ಚಿಕ್ಕ ಪ್ರಾಂತ್ಯ. ಸುಮಾರು ಎರಡು ಸಾವಿರ ಚದರ ಕಿಲೋಮೀಟರ್, ನಮ್ಮ ಕೊಡಗಿನ ಅರ್ಧದಷ್ಟು. ಅಲೋನ್ಸೊ ಹುಟ್ಟಿದ್ದು ಅಲ್ಲಿನ ತೊಲೋಸಾದಲ್ಲಿ, 1981ರ ನವೆಂಬರ್ 25ರಂದು. ಅದೇ ವರ್ಷ ಏಪ್ರಿಲ್‌ನಲ್ಲಿ ತಂದೆಯ ತಂಡ ಸೊಸಿಯೆಡಾಡ್ ತನ್ನ ಚರಿತ್ರೆಯ ಮೊದಲ ಲೀಗ್ ಗೆದ್ದಿತ್ತು. ಹಿಹೋನ್‌ನಲ್ಲಿ ಪಂದ್ಯದ ಕಟ್ಟಕಡೆಯ ಗಳಿಗೆಯಲ್ಲಿ ಸಮೋರಾ ಹೊಡೆದ ಗೋಲಿನಿಂದ 2–2. ಅಂಕಗಳಲ್ಲಿ ಮ್ಯಾಡ್ರಿಡ್‌ಗೆ ಸಮ, ಪರಸ್ಪರ ಪಂದ್ಯಗಳ ಲೆಕ್ಕದಲ್ಲಿ ಪ್ರಶಸ್ತಿ. ಆಗ ಆ ತಂಡದಲ್ಲಿ ಬಾಸ್ಕ್ ಆಟಗಾರರನ್ನು ಬಿಟ್ಟರೆ ಬೇರೆಯವರು ಇರಲಿಲ್ಲ. 1989ರಲ್ಲಿ ಜಾನ್ ಆಲ್ಡ್ರಿಜ್ ಬರುವವರೆಗೂ ಆ ನಿಯಮ ನಡೆಯಿತು.

ಬಾಲ್ಯದ ಮೊದಲ ಐದಾರು ವರ್ಷ ಬಾರ್ಸಿಲೋನಾದಲ್ಲಿ ಕಳೆದು ಕುಟುಂಬ ಸ್ಯಾನ್ ಸೆಬಾಸ್ಟಿಯನ್‌ಗೆ ಮರಳಿತು. ಅಲ್ಲಿಯ ಕಾಂಚಾ ಕಡಲತೀರದಲ್ಲಿ ಇಳಿತದ ಹೊತ್ತು ನೋಡಿಕೊಂಡು ಮಕ್ಕಳು ಫುಟ್‌ಬಾಲ್ ಆಡುತ್ತಾರೆ. ನೀರು ಹಿಂದೆ ಸರಿದಾಗ ಒದ್ದೆ ಮರಳು ಗಟ್ಟಿಯಾಗಿ ಮೈದಾನ ಹರಡಿಕೊಳ್ಳುತ್ತದೆ, ಉಬ್ಬರ ಬಂದರೆ ಆಟ ಮುಗಿಯಿತು. ನಾನು ಪಣಂಬೂರಿನಲ್ಲಿ ಹಾಗೆಯೇ ಆಡಿ ಬೆಳೆದವನು, ಆ ಮರಳು ಹೇಗಿರುತ್ತದೆಂದು ಗೊತ್ತು: ಚೆಂಡು ನೀವು ಎಣಿಸಿದಷ್ಟು ದೂರ ಉರುಳುವುದಿಲ್ಲ, ಪಾಸ್ ಗಟ್ಟಿಯಾಗಿ ಕೊಡಬೇಕು, ಇಲ್ಲವೇ ಗಾಳಿಯಲ್ಲಿ ಕಳಿಸಬೇಕು. ಅಲ್ಲಿ ಅವರ ಜೊತೆಗಾರ ಯಾರು ಗೊತ್ತೇ? ಮುಂದೆ ಆರ್ಸೆನಲ್ ಕೋಚ್ ಆದ ಮಿಕೆಲ್ ಆರ್ಟೆಟಾ. ಇಬ್ಬರೂ ಊರಿನ ಆಂಟಿಗ್ವೊಕೊ ಎಂಬ ಕ್ಲಬ್ಬಿನಲ್ಲಿ ಆಡಿದವರು. ಅದುರಿಸ್, ಇರಾವೊಲಾ ಕೂಡ ಅದೇ ಕ್ಲಬ್ಬಿನವರು. ಒಂದು ಬಡಾವಣೆಯ ಮಕ್ಕಳ ಕ್ಲಬ್!

ಮುಂದೆ ಸೊಸಿಯೆಡಾಡ್, ಅಲ್ಲಿಂದ ಪಕ್ಕದ ಐಬಾರ್‌ಗೆ ಎರವಲು. 2001ರ ಆರಂಭದಲ್ಲಿ ಸೊಸಿಯೆಡಾಡ್ ಪಟ್ಟಿಯ ಬುಡದಲ್ಲಿ ಒದ್ದಾಡುತ್ತಿದ್ದಾಗ ಕೋಚ್ ಆಗಿ ಮರಳಿ ಬಂದ ಜಾನ್ ಟೋಶಾಕ್ ಈ ಹುಡುಗನನ್ನು ಐಬಾರ್‌ನಿಂದ ಕರೆಸಿ ನಾಯಕನ ಪಟ್ಟಿ ಕಟ್ಟಿದರು. ಹತ್ತೊಂಬತ್ತು ವರ್ಷದ ಹುಡುಗನಿಗೆ! ತಂಡ ಕೆಳದರ್ಜೆಗೆ ಬೀಳಲಿಲ್ಲ. ಎರಡೇ ವರ್ಷಗಳಲ್ಲಿ, ರೇನಾಲ್ ದನುವೆ ಎಂಬ ಫ್ರೆಂಚ್ ಕೋಚ್ ಕೈಯಲ್ಲಿ, ಅದೇ ತಂಡ ಮ್ಯಾಡ್ರಿಡ್‌ಗೆ ನಡುಕ ಹುಟ್ಟಿಸಿತು.

ತುಂಗಾತೀರ

ಆ ತಂಡ ನೆನಪಿದೆ! ಮುಂದೆ ನಿಹಾತ್ 23 ಗೋಲು, ಕೊವಾಚೆವಿಚ್ 20 ಗೋಲು. ಬಲಕ್ಕೆ ಕಾರ್ಪಿನ್, ಎಡಕ್ಕೆ ದೆ ಪೆದ್ರೊ. ನಡುವೆ ಅಲೋನ್ಸೊ ಜೊತೆ ಅರಾನ್‌ಬುರು.

ಕಡಲತೀರದವ

ಹೌದು! ಎರಡು ಪಂದ್ಯ ಉಳಿದಿದ್ದಾಗ ಸೊಸಿಯೆಡಾಡ್ ಒಂದು ಅಂಕದಿಂದ ಮುಂದಿತ್ತು. ವೀಗೊದಲ್ಲಿ ಸೆಲ್ಟಾ ಎದುರು 2–3ರಿಂದ ಸೋತರು. ಕೊನೆಯ ದಿನ ತಮ್ಮ ಪಂದ್ಯವನ್ನು 3–0ರಿಂದ ಗೆದ್ದರೂ ಪ್ರಯೋಜನವಾಗಲಿಲ್ಲ. ಮ್ಯಾಡ್ರಿಡ್ 78, ಸೊಸಿಯೆಡಾಡ್ 76. ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ. ಕೊನೆಯ ದಿನ ಮ್ಯಾಡ್ರಿಡ್ ಎದುರಾಳಿ ಯಾರಿದ್ದರು ಗೊತ್ತೇ? ಬಿಲ್ಬಾವೊದ ಅಥ್ಲೆಟಿಕ್. ನೆರೆಯ ಬಾಸ್ಕ್ ತಂಡ 1–3ರಿಂದ ಸೋತಿತು.

ಆ ವರ್ಷ ಅಲೋನ್ಸೊ ಪಕ್ಕದಲ್ಲಿ ಮಶೆರಾನೊ ಇರಲಿಲ್ಲ, ಖೆದೀರಾ ಇರಲಿಲ್ಲ. @ನೇರಮಾತು ಅವರಿಗೆ ಇದೇ ನನ್ನ ಉತ್ತರ. ಊರಿನ ಹುಡುಗರ ನಡುವೆ, ತಂದೆ ಹಾಕಿದ್ದ ಅದೇ ನೀಲಿ ಬಿಳಿ ಅಂಗಿಯಲ್ಲಿ, ಇಡೀ ತಂಡದ ತಾಳವನ್ನು ಇಪ್ಪತ್ತೊಂದರ ಹುಡುಗನೊಬ್ಬ ಹಿಡಿದಿದ್ದ. ಮುಂದೆ ಗೆದ್ದ ಕಪ್‌ಗಳೆಲ್ಲ ದೊಡ್ಡ ತಂಡಗಳೊಂದಿಗೆ ಬಂದವು. ಇದು ಅವರು ತಾವೇ ಕಟ್ಟಿದ ವರ್ಷ.

ಬಿಳಿ ಅಂಗಿ

ಇಷ್ಟು ಚೆನ್ನಾಗಿ ಹೇಳಿದ ಮೇಲೆ ಬೇಡ ಎನ್ನಲು ಮನಸ್ಸು ಬರುತ್ತಿಲ್ಲ. ಆದರೂ ನನ್ನ ಮತ 2011–12ಕ್ಕೇ.

ಮ್ಯೂನಿಕ್ ಕನ್ನಡತಿ

ತಡವಾಗಿ ಬರುತ್ತಿದ್ದೇನೆ. ನಾನು ಇಲ್ಲಿಗೆ ಕೆಲಸಕ್ಕೆ ಬಂದ ವರ್ಷವೇ, 2014ರ ಆಗಸ್ಟ್ ಕೊನೆಯಲ್ಲಿ, ಅಲೋನ್ಸೊ ಬಾಯರ್ನ್‌ಗೆ ಬಂದರು. ಹಾವಿ ಮಾರ್ಟಿನೆಸ್ ಮಂಡಿಗೆ ಪೆಟ್ಟಾಗಿತ್ತು, ಅವರ ಜಾಗ ತುಂಬಲು ಗ್ವಾರ್ಡಿಯೊಲಾ ಕರೆಸಿದ್ದರು. ಮುವತ್ತೆರಡು ದಾಟಿದ ಆಟಗಾರ ಎಂದು ಇಲ್ಲಿ ಕೆಲವರು ಮೂಗು ಮುರಿದರು. ಒಂದು ತಿಂಗಳು ಕಳೆಯುವುದರೊಳಗೆ ಕ್ಯೋಲ್ನ್ ವಿರುದ್ಧದ ಪಂದ್ಯದಲ್ಲಿ 206 ಬಾರಿ ಚೆಂಡು ಮುಟ್ಟಿ ಬುಂಡೆಸ್‌ಲಿಗಾ ದಾಖಲೆ ಬರೆದರು. ಮುರಿದ ಮೂಗುಗಳು ನೆಟ್ಟಗಾದವು.

ನಾನು ಕ್ರೀಡಾಂಗಣದಲ್ಲಿ ಅವರನ್ನು ನಾಲ್ಕು ಸಲ ನೋಡಿದ್ದೇನೆ. ಒಂದು ಮಾತು ಖಂಡಿತ: ಟಿ.ವಿ.ಯಲ್ಲಿ ನೋಡಿದವರಿಗೆ ಈ ಆಟಗಾರ ಅರ್ಧವೇ ಕಾಣುತ್ತಾರೆ. ಕ್ಯಾಮೆರಾ ಚೆಂಡಿನ ಹಿಂದೆ ಓಡುತ್ತದೆ. ಮೇಲಿನ ಸಾಲಿನಲ್ಲಿ ಕುಳಿತು ಚೆಂಡನ್ನು ಬಿಟ್ಟು ಅವರನ್ನೇ ನೋಡುತ್ತಿದ್ದೆ. ಎರಡು ಹೆಜ್ಜೆ ಎಡಕ್ಕೆ, ಒಂದು ಹೆಜ್ಜೆ ಹಿಂದಕ್ಕೆ, ಕೈಯೆತ್ತಿ ರಕ್ಷಣಾ ಆಟಗಾರನಿಗೆ ಇನ್ನೊಂದು ಬದಿಯತ್ತ ಕೊಡು ಎಂದು ಸನ್ನೆ. ಚೆಂಡು ಇನ್ನೂ ಮೈದಾನದ ಆಚೆ ಬದಿಯಲ್ಲಿರುತ್ತದೆ. ಅವರು ಮಾತ್ರ ಮೈಯನ್ನು ಓರೆಯಾಗಿ ತಿರುಗಿಸಿ ನಿಂತಿರುತ್ತಾರೆ. ಚೆಂಡು ಬಂತು, ಒಂದು ಸ್ಪರ್ಶ, ಮರುಕ್ಷಣ ಅದು ಐವತ್ತು ಮೀಟರ್ ದೂರದ ರಾಬೆನ್ ಕಾಲಿನಲ್ಲಿ. ಅಷ್ಟು ದೂರದ ಚೆಂಡು ಪುಟಿಯದೆ ಮೆತ್ತಗೆ ಇಳಿಯುತ್ತಿತ್ತು. ಪಕ್ಕದಲ್ಲಿ ಕುಳಿತಿದ್ದ ವಯಸ್ಸಾದ ಜರ್ಮನ್ ಒಬ್ಬರು ಪ್ರತಿಸಲವೂ ಮೆಲ್ಲಗೆ ತಲೆ ಆಡಿಸುತ್ತಿದ್ದರು. ನಮ್ಮ ಸಂಗೀತ ಕಛೇರಿಯಲ್ಲಿ ಮುಂದಿನ ಸಾಲಿನವರು ತಲೆದೂಗುವ ಹಾಗೆಯೇ.

ಮೂರು ವರ್ಷ, ಮೂರು ಲೀಗ್. 2017ರ ಮೇ ತಿಂಗಳಲ್ಲಿ ಬೂಟು ಬಿಚ್ಚಿದರು.

ಕೊಡಗಿನ ಸೆಂಟರ್ ಹಾಫ್

ಅಕ್ಕಾ, “ಮೈಯನ್ನು ಓರೆಯಾಗಿ ತಿರುಗಿಸಿ ನಿಂತಿರುತ್ತಾರೆ” ಎಂದಿರಲ್ಲ, ಅಷ್ಟೇ ಸಾಕು. ಅಪ್ಪನಿಗೆ ಓದಿ ಹೇಳಿದೆ, ಬಹಳ ಸಂತೋಷಪಟ್ಟರು.

ನೇರಮಾತು

ಕ್ರೀಡಾಂಗಣದಲ್ಲಿ ನೋಡಿದವರ ಮಾತಿಗೆ ಬೆಲೆ ಕೊಡುತ್ತೇನೆ. “ಪಕ್ಕದವನ ಬೆವರು” ಎಂಬ ನನ್ನ ಮಾತು ಹೆಚ್ಚಾಯಿತು, ಹಿಂದಕ್ಕೆ ಪಡೆಯುತ್ತೇನೆ. ವೇಗದ ಬಗೆಗಿನ ಮಾತನ್ನು ಹಿಂದಕ್ಕೆ ಪಡೆಯುವುದಿಲ್ಲ.

ಇಸ್ತಾಂಬುಲ್ 2005

ವೇಗ ಇಲ್ಲದವರು ಇದನ್ನು ಹೇಗೆ ಮಾಡಿದರೋ ಹೇಳಿ: 2006ರ ಜನವರಿ, ಎಫ್.ಎ. ಕಪ್, ಲೂಟನ್ ತಂಡದ ವಿರುದ್ಧ 5–3. ಎದುರಾಳಿ ಗೋಲ್‌ಕೀಪರ್ ಕಾರ್ನರ್‌ಗೆಂದು ಮುಂದೆ ಬಂದಿದ್ದರು. ಅಲೋನ್ಸೊ ತಮ್ಮ ಅರ್ಧದಿಂದಲೇ ಖಾಲಿ ಗೋಲಿಗೆ ಉರುಳಿಸಿದರು. ಅದೇ ವರ್ಷ ಸೆಪ್ಟೆಂಬರ್‌ನಲ್ಲಿ ನ್ಯೂಕ್ಯಾಸಲ್ ವಿರುದ್ಧ ಮತ್ತೆ ತಮ್ಮ ಅರ್ಧದಿಂದಲೇ ಗೋಲು, ಈ ಸಲ ಗೋಲ್‌ಕೀಪರ್ ಹಾರ್ಪರ್ ಹಿಂದಕ್ಕೆ ಓಡುತ್ತಾ ಕಾಲು ಜಾರಿದರು. ಅಲೋನ್ಸೊ ತಮ್ಮ ಅರ್ಧದಿಂದ ಗೋಲು ಹೊಡೆಯುತ್ತಾರೆ ಎಂದು 200 ಪೌಂಡ್ ಬಾಜಿ ಕಟ್ಟಿದ್ದ ಒಬ್ಬ ಅಭಿಮಾನಿಗೆ ಲೂಟನ್ ಪಂದ್ಯದಿಂದ 25,000 ಪೌಂಡ್ ಬಂತು.

ಮಂಡ್ಯದ ಓದುಗ

25,000 ಪೌಂಡ್!! ಆ ಅಭಿಮಾನಿ ಅಷ್ಟು ನಂಬಿದ್ದಾದರೂ ಹೇಗೆ?

ಇಸ್ತಾಂಬುಲ್ 2005

ಅಲೋನ್ಸೊ ಪ್ರಯತ್ನಿಸುತ್ತಲೇ ಇದ್ದದ್ದನ್ನು ನೋಡಿ ನೋಡಿ. ನಮ್ಮಂಥ ನೋಡುಗರಿಗೂ ಒಂದು ದಿನ ಆಗಿಯೇ ಆಗುತ್ತದೆ ಎನಿಸುತ್ತಿತ್ತು.

ನನಗೆ ಇಂದಿಗೂ ಹೊಟ್ಟೆ ಉರಿಯುವುದು 2009. ಅದರ ಹಿಂದಿನ ಋತುವಿನಲ್ಲಿ ಲಿವರ್‌ಪೂಲ್ 86 ಅಂಕ ಗಳಿಸಿ ಎರಡನೆಯ ಸ್ಥಾನ, ಇಡೀ ಲೀಗಿನಲ್ಲಿ ಸೋತದ್ದು ಎರಡೇ ಪಂದ್ಯ. ಇದೇ ಮ್ಯಾಡ್ರಿಡ್ ಅನ್ನು ಆನ್‌ಫೀಲ್ಡ್‌ನಲ್ಲಿ 4–0ರಿಂದ ಮಣಿಸಿದ್ದೆವು. ಬೇಸಿಗೆಯಲ್ಲಿ ಸುಮಾರು ಮೂರು ಕೋಟಿ ಪೌಂಡ್‌ಗೆ ಅಲೋನ್ಸೊ ಮ್ಯಾಡ್ರಿಡ್‌ಗೆ ಹೋದರು. ಮರುವರ್ಷ ಲಿವರ್‌ಪೂಲ್ ಏಳನೆಯ ಸ್ಥಾನ. ಒಬ್ಬನೇ ಆಟಗಾರ ಹೋದದ್ದೇ ಪೂರ್ತಿ ಕಾರಣ ಎನ್ನಲಾರೆ, ಆದರೆ ಆ ವರ್ಷ ತಂಡದ ಆಟ ನೋಡುವಾಗ ಮನೆಯ ಹಿರಿಯರು ಊರಿಗೆ ಹೋಗಿ ಒಲೆ ಹಚ್ಚುವವರೇ ಇಲ್ಲದಂತಾಗಿತ್ತು. ಅದಕ್ಕೂ ಹಿಂದಿನ ಬೇಸಿಗೆಯಲ್ಲಿ ಗ್ಯಾರೆತ್ ಬ್ಯಾರಿಯನ್ನು ತರುವ ಆಸೆಯಲ್ಲಿ ಇವರನ್ನು ಮಾರಲು ಹೊರಟಿದ್ದರಲ್ಲ, ಮನಸ್ಸು ಮುರಿದದ್ದು ಅಲ್ಲಿಯೇ.

ಬಿಳಿ ಅಂಗಿ

ನಮಗೆ ಲಾಭವಾಯಿತು. ಆದರೆ ನಮಗೂ ಒಂದು ನೋವು ಉಳಿದಿದೆ. 2014ರಲ್ಲಿ ಮ್ಯೂನಿಕ್‌ನಲ್ಲಿ 4–0ರಿಂದ ಗೆದ್ದ ಚಾಂಪಿಯನ್ಸ್ ಲೀಗ್ ಸೆಮಿಫೈನಲ್‌ನಲ್ಲಿ, 3–0 ಮುಂದಿದ್ದ ಹೊತ್ತಿನಲ್ಲಿ ಶ್ವೈನ್‌ಸ್ಟೈಗರ್ ಮೇಲಿನ ಟ್ಯಾಕಲ್‌ಗೆ ಹಳದಿ ಕಾರ್ಡ್. ಫೈನಲ್ ತಪ್ಪಿತು. ಅವರು ಹುಲ್ಲಿನ ಮೇಲೆ ಕುಳಿತು ಮುಖ ಮುಚ್ಚಿಕೊಂಡದ್ದನ್ನು ನೋಡಲಾಗಲಿಲ್ಲ. ಹನ್ನೆರಡು ವರ್ಷ ಕಾದ ಹತ್ತನೆಯ ಕಪ್ ಅದು. ಲಿಸ್ಬನ್‌ನಲ್ಲಿ ಹೆಚ್ಚುವರಿ ಅವಧಿಯಲ್ಲಿ ಬೇಲ್ ಗೋಲು ಹೊಡೆದಾಗ ಸೂಟು ತೊಟ್ಟಿದ್ದ ಅಲೋನ್ಸೊ ಗ್ಯಾಲರಿಯಿಂದ ಮೈದಾನದ ಅಂಚಿನವರೆಗೆ ಓಡಿ ಬಂದರು. ಅದಕ್ಕೂ ಯುಇಎಫ್‌ಎ ಒಂದು ಪಂದ್ಯದ ನಿಷೇಧ ಹಾಕಿತು!

@ನೇರಮಾತು, ಆ ಓಟ ಮಾತ್ರ ವೇಗವಾಗಿತ್ತು.

ನೇರಮಾತು

ಒಪ್ಪಿದೆ.

ತುಂಗಾತೀರ

ಸ್ಪೇನ್ ವಿಷಯ ಯಾರೂ ಎತ್ತಲಿಲ್ಲ. 2010ರ ವಿಶ್ವಕಪ್‌ನಲ್ಲಿ ಸ್ವಿಟ್ಜರ್‌ಲೆಂಡ್ ಎದುರು 0–1ರಿಂದ ಸೋತಾಗ ಬುಸ್ಕೆಟ್ಸ್ ಮತ್ತು ಅಲೋನ್ಸೊ ಇಬ್ಬರನ್ನೂ ಏಕೆ ಒಟ್ಟಿಗೆ ಆಡಿಸುತ್ತೀರಿ ಎಂದು ಸ್ಪೇನಿನಲ್ಲೇ ದೊಡ್ಡ ಕೂಗೆದ್ದಿತ್ತು. ಅದೇ ಪಂದ್ಯದಲ್ಲಿ ಅಲೋನ್ಸೊ ಹೊಡೆದ ಚೆಂಡು ಅಡ್ಡಪಟ್ಟಿಗೆ ಬಡಿದಿತ್ತು. ಕೋಚ್ ಡೆಲ್ ಬೊಸ್ಕೆ ಜಗ್ಗಲಿಲ್ಲ, ಇಬ್ಬರನ್ನೂ ಉಳಿಸಿಕೊಂಡರು, ಕಪ್ ಬಂತು. ಫೈನಲ್‌ನಲ್ಲಿ ಡಿ ಯಾಂಗ್ ಬೂಟು ನೇರವಾಗಿ ಅಲೋನ್ಸೊ ಎದೆಗೆ. ರೆಫರಿ ವೆಬ್ ಕೊಟ್ಟದ್ದು ಹಳದಿ ಕಾರ್ಡ್. ಅದು ಕೆಂಪು ಆಗಬೇಕಿತ್ತು ಎಂದು ಅವರೇ ಆಮೇಲೆ ಒಪ್ಪಿಕೊಂಡರು. ಎದೆಗೆ ಒದೆ ತಿಂದ ಆ ಮನುಷ್ಯ ಎದ್ದು ಎಂಬತ್ತೇಳನೆಯ ನಿಮಿಷದವರೆಗೆ ಆಡಿದರು.

ನನ್ನ ಪಂದ್ಯ: 2012ರ ಜೂನ್ 23, ಡೊನೆಟ್ಸ್ಕ್, ಫ್ರಾನ್ಸ್ ವಿರುದ್ಧ ಯುರೋ ಕ್ವಾರ್ಟರ್‌ಫೈನಲ್. ಅವರ ನೂರನೆಯ ಅಂತರರಾಷ್ಟ್ರೀಯ ಪಂದ್ಯ. ಅಂದಿನ 2–0ರ ಎರಡೂ ಗೋಲು ಅವರದೇ. ಮೊದಲನೆಯದು ಆಲ್ಬಾ ಎಡದಿಂದ ಕಳಿಸಿದ ಚೆಂಡಿಗೆ ತಲೆ ಕೊಟ್ಟದ್ದು, ಎರಡನೆಯದು ಪೆನಾಲ್ಟಿ. ಹುಡುಗನಿಗೆ ಇದನ್ನೇ ತೋರಿಸಿ, ಗೋಲೂ ಸಿಗುತ್ತದೆ.

ಧಾರವಾಡದ ಹೊಸಮನಿ

ಬಾಸ್ಕ್‌ನವರಾಗಿ ಸ್ಪೇನ್ ಅಂಗಿ ತೊಡುವುದರ ಬಗ್ಗೆ ಅಲ್ಲಿ ತಕರಾರು ಇಲ್ಲವೇ? 1976ರ ಡಿಸೆಂಬರ್‌ನಲ್ಲಿ ಸೊಸಿಯೆಡಾಡ್ ಮತ್ತು ಅಥ್ಲೆಟಿಕ್ ನಾಯಕರಾದ ಕೊರ್ತಬರಿಯಾ, ಇರಿಬಾರ್ ಇಬ್ಬರೂ ಅಂದು ನಿಷೇಧದಲ್ಲಿದ್ದ ಬಾಸ್ಕ್ ಧ್ವಜವನ್ನು ಜೊತೆಯಾಗಿ ಹಿಡಿದು ಮೈದಾನಕ್ಕೆ ಬಂದದ್ದನ್ನು ಓದಿದ್ದೇನೆ.

ತುಂಗಾತೀರ

ಕೆಲವರಿಗೆ ಇದೆ, ಕೆಲವರಿಗೆ ಇಲ್ಲ. ಅಲೋನ್ಸೊ ತಂದೆಯೂ 1982ರ ವಿಶ್ವಕಪ್‌ನಲ್ಲಿ ಸ್ಪೇನ್ ಪರ ಆಡಿದವರು. ಅದು ದೊಡ್ಡ ವಿಷಯ, ಬೇರೆ ಚರ್ಚೆ ತೆರೆಯಿರಿ, ಖಂಡಿತ ಬರುತ್ತೇನೆ.

ಮಂಡ್ಯದ ಓದುಗ

ತೆರಿಗೆ ಪ್ರಕರಣ ಏನಾಯಿತು? ಅವರ ಹೆಸರೂ ಕೇಳಿಬಂದಿತ್ತಲ್ಲ.

ಬಿಳಿ ಅಂಗಿ

ಬೇರೆ ಅನೇಕ ಆಟಗಾರರು ದಂಡ ಕಟ್ಟಿ ರಾಜಿ ಮಾಡಿಕೊಂಡರು. ಅಲೋನ್ಸೊ ತಪ್ಪು ಮಾಡಿಲ್ಲ ಎಂದು ನ್ಯಾಯಾಲಯಕ್ಕೆ ಹೋದರು. 2019ರಲ್ಲಿ ಖುಲಾಸೆಯಾಯಿತು. ಸೆರೆಮನೆಯ ಭಯವಿದ್ದರೂ ಬಗ್ಗಲಿಲ್ಲ. ಮೈದಾನದಲ್ಲಿ ಕಂಡ ಮನುಷ್ಯನೇ ಅಲ್ಲಿಯೂ ಕಂಡ.

ಮ್ಯೂನಿಕ್ ಕನ್ನಡತಿ

@ಕಡಲತೀರದವ, ಕೊನೆಗೆ ಏನು ತೋರಿಸಿದಿರಿ? ಹುಡುಗ ಏನೆಂದ?

ಕಡಲತೀರದವ

ನಿನ್ನೆ ರಾತ್ರಿ ಊಟ ಮುಗಿಸಿ ಕೂರಿಸಿದೆ. ಕ್ಷಮಿಸಿ, ನನ್ನ ಪಂದ್ಯವನ್ನೇ. ಇಪ್ಪತ್ತು ವರ್ಷಕ್ಕೂ ಹಳೆಯ ಚಿತ್ರ, ಮಸುಕು ಮಸುಕು. ಮೊದಲ ಹತ್ತು ನಿಮಿಷ ಮೊಬೈಲ್ ನೋಡುತ್ತಿದ್ದ, ನನಗೆ ಸಂಕಟ. ಜಿದಾನ್ ಯಾರು, ಫಿಗೊ ಯಾರು ಎಂದು ಕೇಳಿದ. ಅಲೋನ್ಸೊ ಯಾರೆಂದು ನಾನು ತೋರಿಸಲಿಲ್ಲ, ನೀನೇ ಹುಡುಕು ಎಂದೆ.

ಇಪ್ಪತ್ತೈದನೆಯ ನಿಮಿಷದ ಹೊತ್ತಿಗೆ ಮೊಬೈಲ್ ಕೆಳಗಿಟ್ಟ. ಸ್ವಲ್ಪ ಹೊತ್ತಿನ ಬಳಿಕ ತೆರೆಯ ಹತ್ತಿರ ಹೋಗಿ ಬೆರಳಿಟ್ಟು, “ಮಾವಾ, ಇವರು ಚೆಂಡು ಬರುವ ಮೊದಲು ಯಾಕೆ ಹಿಂದೆ ನೋಡುತ್ತಾರೆ?” ಎಂದ.

ಕೊಡಗಿನ ಸೆಂಟರ್ ಹಾಫ್

ಈ ಸಾಲನ್ನು ಅಪ್ಪನಿಗೆ ಎರಡು ಸಲ ಓದಿ ಹೇಳಿದೆ. ಹುಡುಗನನ್ನು ಮುಂದಿನ ರಜೆಗೆ ನಮ್ಮ ಮೈದಾನಕ್ಕೆ ಕಳಿಸಬೇಕಂತೆ, ಸ್ಟಿಕ್ ಅವರೇ ಕೊಡುತ್ತಾರಂತೆ.

ಇಸ್ತಾಂಬುಲ್ 2005

ಕಳಿಸಿ. ಆದರೆ ಅದಕ್ಕೂ ಮೊದಲು ಇಸ್ತಾಂಬುಲ್ ತೋರಿಸಿ, ವಿರಾಮಕ್ಕೆ ಏಳದಂತೆ ನೋಡಿಕೊಳ್ಳಿ.